ಏರಿನಲ್ಲಿ ಎಳೆಯದ ಹಳೆಯ ಡೀಸೆಲ್ ಗಾಡಿ: ಟರ್ಬೊ ಬದಲಿಸಬೇಕೇ?

ಪೆರ್ಲದ ತೋಟದವ:
ನಮ್ಮ ಮನೆಯಲ್ಲಿರುವುದು 2010ರ ಮಾದರಿಯ, ಏಳು ಆಸನಗಳ ಡೀಸೆಲ್ ಗಾಡಿ. ಕಾಮನ್ ರೈಲ್ ಎಂಜಿನ್ (ಭಾರೀ ಒತ್ತಡದ ಡೀಸೆಲ್ಲನ್ನು ‘ರೈಲ್’ ಎಂಬ ಒಂದೇ ಕೊಳವೆಯಿಂದ ಎಲ್ಲ ಸಿಲಿಂಡರಿಗೂ ಕೊಡುವಂಥದ್ದು), ಟರ್ಬೊ (ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಚಕ್ರ) ಇದೆ. ಕಂಪನಿಯ ಹೆಸರು ಬೇಕೆಂದೇ ಹಾಕಿಲ್ಲ, ಹಾಕಿದರೆ ಚರ್ಚೆ ಎಲ್ಲಿಗೆ ಹೋಗುತ್ತದೆ ಎಂದು ಇಲ್ಲಿನವರಿಗೆಲ್ಲ ಗೊತ್ತು. ಹದಿನೈದು ವರ್ಷ ತುಂಬಿದಾಗ ನೋಂದಣಿ ನವೀಕರಿಸಿ ಇನ್ನೂ ಐದು ವರ್ಷದ ಅನುಮತಿ ಪಡೆದಿದ್ದೇವೆ. ಹಾಗಾಗಿ ಮಾರುವ ಯೋಚನೆ ಇಲ್ಲ.

ತೊಂದರೆ ಇಷ್ಟು. ಸಮತಟ್ಟಾದ ರಸ್ತೆಯಲ್ಲಿ ಒಬ್ಬನೇ ಹೋದರೆ ಏನೂ ಗೊತ್ತಾಗುವುದಿಲ್ಲ. ಮನೆಮಂದಿಯೆಲ್ಲ ಕುಳಿತು, ಹಿಂದೆ ಎರಡು ಮೂಟೆ ಅಡಿಕೆ ಹಾಕಿಕೊಂಡು ಸ್ವರ್ಗ, ಪಾಣಾಜೆ ದಾರಿಯಾಗಿ ಪುತ್ತೂರಿಗೆ ಹೊರಟರೆ ಏರಿನಲ್ಲಿ ಮೂರನೆಯ ಗೇರ್ ಎಳೆಯುವುದಿಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎಂಜಿನ್ ನಿಮಿಷಕ್ಕೆ 2000 ಸುತ್ತು ದಾಟಿ ಮೇಲೇಳುವುದಿಲ್ಲ. ಎರಡನೆಯ ಗೇರಿಗೆ ಇಳಿಸಿ ತೆವಳಬೇಕು. ಕೆಲವೊಮ್ಮೆ ಎಂಜಿನ್ ದೀಪ ಹೊತ್ತಿಕೊಂಡು, ಆಮೇಲೆ ಗಾಡಿ ಇನ್ನಷ್ಟು ಮಂಕಾಗುತ್ತದೆ. ನಿಲ್ಲಿಸಿ, ಕೀ ತಿರುಗಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಸರಿಯಾಗಿ ಹೋಗುತ್ತದೆ. ಮೈಲೇಜೂ ಇಳಿದಿದೆ. ಹೊಗೆ ಹೆಚ್ಚೇನೂ ಇಲ್ಲ.

ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಎರಡನ್ನೂ ಬದಲಿಸಿ ಆಗಿದೆ. ಒಂದು ಗ್ಯಾರೇಜಿನಲ್ಲಿ ಟರ್ಬೊ ಹೋಗಿದೆ ಎಂದರು. ಇನ್ನೊಂದರಲ್ಲಿ, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಲ್ಕೂ ಇಂಜೆಕ್ಟರ್ ಬಿಚ್ಚಿ ಕಳುಹಿಸಬೇಕು ಎಂದರು. ಎರಡು ಕಡೆಯೂ ಗಾಡಿಯನ್ನು ರಸ್ತೆಗೆ ತೆಗೆದುಕೊಂಡು ಹೋಗಿ ನೋಡಲಿಲ್ಲ, ಅಂಗಳದಲ್ಲಿ ನಿಲ್ಲಿಸಿ ಬಾನೆಟ್ ಎತ್ತಿ ಶಬ್ದ ಕೇಳಿ ತೀರ್ಪು ಕೊಟ್ಟರು. ಅಷ್ಟು ಹಣ ಸುರಿಯುವ ಮೊದಲು ತಿಳಿದವರ ಮಾತು ಕೇಳೋಣವೆಂದು ಇಲ್ಲಿ ಬರೆಯುತ್ತಿದ್ದೇನೆ.

ಕುಂಬಳೆ ಪೇಟೆ:
ಮಾರಿಬಿಡಿ. ಹದಿನೈದು ವರ್ಷದ ಡೀಸೆಲ್ ಗಾಡಿಗೆ ಟರ್ಬೊ ಹಾಕುವ ಹಣದಲ್ಲಿ ಹೊಸ ಗಾಡಿಯ ಮುಂಗಡ ಕಟ್ಟಬಹುದು.

ಪೆರ್ಲದ ತೋಟದವ:
ಮಾರುವುದಿಲ್ಲ ಎಂದು ಮೊದಲ ಪ್ಯಾರಾದಲ್ಲೇ ಬರೆದಿದ್ದೇನೆ.

ಉಪ್ಪಳದ ಚಾಲಕ:
ನನ್ನ ಅನುಭವದಲ್ಲಿ ಇದು ಇಜಿಆರ್ ವಾಲ್ವಿನ ಕಾಟ. ಸೈಲೆನ್ಸರಿಗೆ ಹೋಗಬೇಕಾದ ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ಕುಡಿಸುವ ವ್ಯವಸ್ಥೆ ಅದು. ಒಳಗೆ ಮಸಿ ಕಟ್ಟಿ ವಾಲ್ವು ತೆರೆದೇ ಉಳಿದರೆ ಎಂಜಿನ್ನಿಗೆ ಹೊಸ ಗಾಳಿ ಸಾಲದು. ನಮ್ಮ ಸ್ಟ್ಯಾಂಡಿನ ಗಾಡಿಗಳಲ್ಲಿ ಎಷ್ಟೋ ಜನ ಅದರ ಬಾಯಿಗೆ ತಗಡು ಹಾಕಿ ಮುಚ್ಚಿಸಿದ್ದಾರೆ. ಜೊತೆಗೆ ಟ್ಯಾಂಕಿಗೆ ಇಂಜೆಕ್ಟರ್ ಸ್ವಚ್ಛಗೊಳಿಸುವ ದ್ರವ ಒಂದು ಬಾಟಲಿ ಹಾಕಿ ನೋಡಿ.

ಮುಳ್ಳೇರಿಯದ ಗ್ಯಾರೇಜು:
ಚಾಲಕರು ಇಜಿಆರ್ ಬಗ್ಗೆ ಹೇಳಿದ್ದು ಸರಿಯೇ, ಆದರೆ ಈ ಗಾಡಿಗೆ ಅದು ಹೊಂದುವುದಿಲ್ಲ. ಭಾರ ಎಳೆಯುವಾಗ ಇಜಿಆರ್ ತೆರೆದಿದ್ದರೆ ಹಿಂದೆ ಬರುವವನಿಗೆ ರಸ್ತೆ ಕಾಣದಷ್ಟು ಕಪ್ಪು ಹೊಗೆ ಬರಬೇಕು. ಇವರು ಹೊಗೆ ಇಲ್ಲ ಎನ್ನುತ್ತಿದ್ದಾರೆ. ತಗಡು ಹಾಕುವುದನ್ನಂತೂ ನಾನು ಮಾಡಿಕೊಡುವುದಿಲ್ಲ. ಕೆಲವು ಎಂಜಿನ್ನುಗಳಲ್ಲಿ ಕಂಪ್ಯೂಟರ್ ಅದನ್ನು ಕಂಡುಹಿಡಿದು ತಾನೇ ಶಕ್ತಿ ಕಡಿತ ಮಾಡುತ್ತದೆ, ಇದ್ದ ತೊಂದರೆಯ ಮೇಲೆ ಇನ್ನೊಂದು ತೊಂದರೆ. ಬಿಚ್ಚಿ ಮಸಿ ತೆಗೆಯಲು ಅರ್ಧ ದಿನ ಸಾಕು. ಬಾಟಲಿಯ ದ್ರವದ ಬಗ್ಗೆ ಏನು ಹೇಳಲಿ, ಅದು ಹರಿದ ನಳಿಕೆಯನ್ನು ಹೊಲಿಯುವುದಿಲ್ಲ.

ತೋಟದವರೇ, ನೀವು ಬರೆದದ್ದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಮೂರು. ಖಾಲಿ ಗಾಡಿಯಲ್ಲಿ ತೊಂದರೆ ಇಲ್ಲ, ಭಾರದಲ್ಲಿ ಮಾತ್ರ ಇದೆ. ಹೊಗೆ ಇಲ್ಲ. ಕೀ ತಿರುಗಿಸಿದರೆ ಸ್ವಲ್ಪ ಹೊತ್ತು ಸರಿಯಾಗುತ್ತದೆ. ಈ ಕೊನೆಯದು ಕಂಪ್ಯೂಟರ್ ತಾನಾಗಿ ಎಂಜಿನ್ನನ್ನು ಕಟ್ಟಿಹಾಕುವ ಲಕ್ಷಣ. ಒತ್ತಡವೋ ಗಾಳಿಯೋ ತಾನು ಕೇಳಿದಷ್ಟು ಬರದಿದ್ದಾಗ, ಎಂಜಿನ್ ಹಾಳಾಗದಿರಲೆಂದು ಅದು ಇಂಧನ ಕಡಿಮೆ ಮಾಡಿ ದೀಪ ಹೊತ್ತಿಸುತ್ತದೆ. ಎಂದರೆ ಅದಕ್ಕೆ ಏನೋ ಗೊತ್ತಾಗಿದೆ, ಎಲ್ಲೋ ಒಂದು ಕೋಡ್ ಬರೆದಿಟ್ಟಿದೆ. ಎರಡು ಗ್ಯಾರೇಜಿಗೆ ಹೋಗಿ ಬಂದಿರಿ, ಯಾರಾದರೂ ಸ್ಕ್ಯಾನರ್ ಹಾಕಿ ಆ ಕೋಡ್ ಓದಿದರೇ?

ಟರ್ಬೊ ಬದಲಿಸುವ ಮೊದಲು ಟರ್ಬೊ ಸತ್ತಿದೆಯೋ ಎಂದು ನೋಡುವುದು ಕಷ್ಟವೇನಲ್ಲ. ಎಂಜಿನ್ ತಣ್ಣಗಿರುವಾಗ ಏರ್ ಫಿಲ್ಟರಿನಿಂದ ಟರ್ಬೊಗೆ ಬರುವ ದಪ್ಪ ನಳಿಕೆಯನ್ನು ಕಳಚಿ, ಒಳಗಿನ ಚಕ್ರವನ್ನು ಬೆರಳಿನಿಂದ ತಿರುಗಿಸಿ. ಸಲೀಸಾಗಿ ತಿರುಗಬೇಕು. ಅಡ್ಡಕ್ಕೆ ಅಲುಗಾಡಿಸಿದರೆ ಕೂದಲೆಳೆಯಷ್ಟು ಅಲುಗಾಟ ಇರುತ್ತದೆ, ಅದು ಸಹಜ. ರೆಕ್ಕೆ ಗೂಡಿಗೆ ತಾಗಿ ಉಜ್ಜಿದ ಗುರುತಿದ್ದರೆ, ಅಥವಾ ಹಿಂದೆ ಮುಂದೆ ಎಳೆದಾಗ ಆಡಿದರೆ ಮಾತ್ರ ಅದರ ಕಥೆ ಮುಗಿದಿದೆ ಎನ್ನಬಹುದು. ಅದರ ಅಕ್ಷ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ವಸ್ತು. ನಿಜವಾಗಿ ಕೆಟ್ಟಿದ್ದರೆ ಸುಮ್ಮನೆ ಕೂರುವುದಿಲ್ಲ, ಕೂಗುತ್ತದೆ, ಎಣ್ಣೆ ಕುಡಿಯುತ್ತದೆ, ನೀಲಿ ಹೊಗೆ ಬಿಡುತ್ತದೆ.

ನಳಿಕೆ ಕಳಚಿದಾಗಲೇ ಏರ್ ಫಿಲ್ಟರಿನ ಡಬ್ಬಿಯ ಕೆಳಭಾಗವನ್ನೂ ನೋಡಿ. ಫಿಲ್ಟರ್ ಹೊಸದಾಗಿದ್ದರೂ ಡಬ್ಬಿಗೆ ಗಾಳಿ ಬರುವ ಬಾಯಿಯಲ್ಲಿ ಇಲಿ ಗೂಡು ಕಟ್ಟಿರುವುದನ್ನು ನಮ್ಮ ಊರಿನ ಗಾಡಿಗಳಲ್ಲಿ ಬಹಳ ಕಂಡಿದ್ದೇನೆ. ಅಡಿಕೆ ಸಿಪ್ಪೆ, ಬಟ್ಟೆ ಚೂರು, ಒಮ್ಮೆ ಯಾರದೋ ರೇಷನ್ ಕಾರ್ಡಿನ ಪ್ರತಿಯೂ ಸಿಕ್ಕಿತ್ತು.

ನೀರ್ಚಾಲಿನ ನಿವೃತ್ತ ಮೇಷ್ಟ್ರು:
ಎಲ್ಲರೂ ಎಂಜಿನ್ನನ್ನೇ ಹಿಡಿದುಕೊಂಡಿರಿ. ಎಂಜಿನ್ ಶಕ್ತಿ ಕೊಡುತ್ತಿಲ್ಲವೋ, ಕೊಟ್ಟದ್ದನ್ನು ದಾರಿಯಲ್ಲಿ ಯಾರೋ ತಿನ್ನುತ್ತಿದ್ದಾರೋ ಎಂಬುದು ಮೊದಲು ಇತ್ಯರ್ಥವಾಗಬೇಡವೇ? ನಮ್ಮ ಕಡೆ ಮಳೆಗಾಲ ಕಳೆದ ಮೇಲೆ ಹಿಂದಿನ ಡ್ರಮ್ ಬ್ರೇಕುಗಳು ಹಿಡಿದುಕೊಳ್ಳುವುದು ಮಾಮೂಲು. ಹ್ಯಾಂಡ್‌ಬ್ರೇಕಿನ ಕೇಬಲ್ ಒಳಗೆ ತುಕ್ಕು ಹಿಡಿದು, ಕೆಳಗಿಳಿಸಿದರೂ ಪೂರ್ತಿ ಬಿಡುವುದಿಲ್ಲ. ಮೈಲೇಜು ಇಳಿದದ್ದಕ್ಕೂ ಇದು ಕಾರಣವಾಗಬಹುದು.

ಪರೀಕ್ಷೆ ಹೀಗೆ ಮಾಡಿ. ಸಾಧ್ಯವಾದಷ್ಟು ಬ್ರೇಕ್ ಒತ್ತದೆ ಹತ್ತು ಕಿಲೋಮೀಟರ್ ಓಡಿಸಿ, ಬಯಲು ಜಾಗದಲ್ಲಿ ತಾನಾಗಿ ನಿಲ್ಲಲು ಬಿಡಿ. ಇಳಿದು ನಾಲ್ಕೂ ಚಕ್ರಗಳ ನಡುಭಾಗದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ, ಸುಡಬಹುದು. ಒಂದು ಚಕ್ರ ಮಾತ್ರ ಬೇರೆಯವುಗಳಿಗಿಂತ ಬಿಸಿಯಾಗಿದ್ದರೆ ಕಳ್ಳ ಸಿಕ್ಕಿದ. ಹಾಗೆಯೇ ಸಣ್ಣ ಇಳಿಜಾರಿನಲ್ಲಿ ನ್ಯೂಟ್ರಲಿಗೆ ಹಾಕಿ ಬ್ರೇಕ್ ಬಿಟ್ಟರೆ ಗಾಡಿ ತಾನಾಗಿ ಉರುಳಬೇಕು.

ಕ್ಲಚ್ಚನ್ನೂ ಮರೆಯಬೇಡಿ. ಏರಿನಲ್ಲಿ ಎಂಜಿನ್ ಸುತ್ತು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ನಿಮ್ಮದರಲ್ಲಿ ಸುತ್ತೇ ಏರುವುದಿಲ್ಲ ಎಂದಿದ್ದೀರಿ, ಆದ್ದರಿಂದ ಅದು ಇರಲಾರದು.

ಕುಂಬಳೆ ಪೇಟೆ:
ಮೇಷ್ಟ್ರೇ, ಗಣಿತ ಪಾಠ ಮಾಡಿದ ಹಾಗೆ ಬ್ರೇಕನ್ನು ಬಿಡಿಸಿದಿರಿ.

ಪೆರ್ಲದ ತೋಟದವ:
ಮೇಷ್ಟ್ರು ಹೇಳಿದ ಹಾಗೆ ಮಾಡಿದೆ. ಬಲಗಡೆಯ ಹಿಂದಿನ ಚಕ್ರದ ಹತ್ತಿರ ಕೈ ಇಡಲು ಆಗಲಿಲ್ಲ. ಡ್ರಮ್ ಬಿಚ್ಚಿಸಿದಾಗ ಹ್ಯಾಂಡ್‌ಬ್ರೇಕಿನ ಸಣ್ಣ ಕೈ ತುಕ್ಕಿನಿಂದ ಅಂಟಿಕೊಂಡಿತ್ತು. ಕೇಬಲ್ ಹೊಸದು ಹಾಕಿಸಿದೆ. ಈಗ ಗಾಡಿ ಹಗುರಾಗಿ ಉರುಳುತ್ತದೆ, ಮೈಲೇಜೂ ಸುಧಾರಿಸಿದಂತೆ ಕಾಣುತ್ತದೆ.

ಆದರೆ ಸ್ವರ್ಗದ ಏರಿನಲ್ಲಿ ಹಳೆಯದೇ ರಾಗ. ಸ್ವಲ್ಪ ತಡವಾಗಿ ಶುರುವಾಗುತ್ತದೆ ಅಷ್ಟೆ. ಟರ್ಬೊದ ಚಕ್ರ ನೋಡಿದೆವು, ಸಲೀಸಾಗಿ ತಿರುಗುತ್ತದೆ, ಉಜ್ಜಿದ ಗುರುತಿಲ್ಲ. ಇಲಿ ಗೂಡೂ ಇಲ್ಲ, ಧೂಳು ಮಾತ್ರ ಹಿಡಿ ತುಂಬ ಇತ್ತು. ಹೆದ್ದಾರಿ 66ರ ಕಾಮಗಾರಿ ನಡೆದ ಕಾಲದಲ್ಲಿ ತಲಪಾಡಿಯಿಂದ ಕಾಸರಗೋಡಿನ ತನಕ ಕುಡಿದದ್ದು ಇರಬೇಕು.

ಬಾಯಾರಿನಿಂದ ಬೆಂಗಳೂರಿಗೆ:
ಮುಳ್ಳೇರಿಯದ ಅಣ್ಣ ಹೇಳಿದ್ದರಲ್ಲಿ ಒಂದು ಅಂಶವನ್ನು ಇನ್ನಷ್ಟು ಬಿಡಿಸಬೇಕು. ಹೊಗೆ ಇಲ್ಲದ ಮಾತ್ರಕ್ಕೆ ಗಾಳಿಯ ಕಡೆ ಎಲ್ಲವೂ ಸರಿ ಎನ್ನಲಾಗದು. ಎರಡು ಸಂದರ್ಭ ಬೇರೆ ಬೇರೆ.

ಟರ್ಬೊದ ನಂತರದ ನಳಿಕೆ, ಎಂದರೆ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ನಳಿಕೆ ಸೀಳಿದೆ ಎಂದಿಟ್ಟುಕೊಳ್ಳಿ. ಒಳಗೆ ಬಂದ ಗಾಳಿಯನ್ನು ಅಳೆಯುವ ಸೆನ್ಸರ್ ಫಿಲ್ಟರಿನ ಹತ್ತಿರವೇ ಇರುತ್ತದೆ. ಅದು ಇಷ್ಟು ಗಾಳಿ ಬಂತು ಎಂದು ಲೆಕ್ಕ ಕೊಡುತ್ತದೆ. ಕಂಪ್ಯೂಟರ್ ಅದಕ್ಕೆ ತಕ್ಕ ಡೀಸೆಲ್ ಹಾಕುತ್ತದೆ. ಆದರೆ ಲೆಕ್ಕಕ್ಕೆ ಬಂದ ಗಾಳಿ ಸೀಳಿನಿಂದ ಹೊರಗೆ ಹೋಗಿದೆ. ಡೀಸೆಲ್ ಹೆಚ್ಚು, ಗಾಳಿ ಕಡಿಮೆ, ಕಪ್ಪು ಹೊಗೆ. ಏರಿನಲ್ಲಿ ಬುಸ್ ಎಂಬ ಶಬ್ದವೂ ಕೇಳುತ್ತದೆ, ನಳಿಕೆಯ ಹೊರಗೆ ಎಣ್ಣೆಯ ಜಿಡ್ಡು ಕಾಣುತ್ತದೆ.

ಇನ್ನೊಂದು ಸಂದರ್ಭದಲ್ಲಿ ಟರ್ಬೊ ಒಳ್ಳೆಯದೇ, ಅದನ್ನು ನಿಯಂತ್ರಿಸುವ ಆಕ್ಚುಯೇಟರ್ ಅಂಟಿಕೊಂಡಿದೆ, ಅಥವಾ ಅದರ ಸಣ್ಣ ವ್ಯಾಕ್ಯೂಮ್ ನಳಿಕೆ ಒಡೆದಿದೆ. ಆಗ ಗಾಳಿಯೇ ಕಡಿಮೆ ಬರುತ್ತದೆ, ಸೆನ್ಸರಿಗೂ ಕಡಿಮೆಯೆಂದೇ ಗೊತ್ತಾಗುತ್ತದೆ, ಕಂಪ್ಯೂಟರ್ ಡೀಸೆಲ್ಲನ್ನೂ ಕಡಿಮೆ ಮಾಡುತ್ತದೆ. ಶಕ್ತಿ ಇಲ್ಲ, ಹೊಗೆಯೂ ಇಲ್ಲ. ತೋಟದವರ ಲಕ್ಷಣ ಇದಕ್ಕೂ ಹೊಂದುತ್ತದೆ.

ಆದ್ದರಿಂದ ಊಹೆ ಸಾಕು, ಅಳೆಯುವುದು ಒಳ್ಳೆಯದು. ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಚುಚ್ಚಿ ಮೊಬೈಲಿಗೆ ಜೋಡಿಸುವ ಬ್ಲೂಟೂತ್ ಸ್ಕ್ಯಾನರ್ ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಕೋಡ್ ಓದುವುದಷ್ಟೇ ಅಲ್ಲ, ಏರಿನಲ್ಲಿ ಎರಡು ಅಂಕಿಗಳನ್ನು ದಾಖಲಿಸಿ: ಇನ್‌ಟೇಕ್ ಒತ್ತಡ (ಎಂಜಿನ್ನಿಗೆ ಹೋಗುವ ಗಾಳಿಯದು) ಮತ್ತು ರೈಲ್ ಒತ್ತಡ (ಡೀಸೆಲ್ಲಿನದು). ಓಡಿಸುವವರು ಮೊಬೈಲ್ ನೋಡಬಾರದು, ಪಕ್ಕದಲ್ಲಿ ಒಬ್ಬರನ್ನು ಕೂರಿಸಿ.

ಅಂಕಿ ಓದುವ ಬಗೆ: ಇನ್‌ಟೇಕ್ ಒತ್ತಡ ಎಂಜಿನ್ ನಿಲ್ಲಿಸಿ ಕೀ ಮಾತ್ರ ಹಾಕಿದಾಗ ನಮ್ಮ ಕರಾವಳಿಯಲ್ಲಿ 100 ಕಿಲೋಪಾಸ್ಕಲ್ ಸುಮಾರು ತೋರಿಸಬೇಕು, ಅದು ಹೊರಗಿನ ವಾತಾವರಣದ ಒತ್ತಡ. ಪೂರ್ತಿ ಭಾರದಲ್ಲಿ ಟರ್ಬೊ ಕೆಲಸ ಮಾಡಿದರೆ ಅದು ಇನ್ನೂರರ ಆಸುಪಾಸಿಗೆ ಏರುತ್ತದೆ, ಎಂಜಿನ್ನಿನಿಂದ ಎಂಜಿನ್ನಿಗೆ ಹೆಚ್ಚು ಕಡಿಮೆ. ನೂರಹತ್ತರಲ್ಲೇ ಕುಳಿತರೆ ಗಾಳಿಯ ಕಡೆ ಹುಡುಕಿ. ರೈಲ್ ಒತ್ತಡವನ್ನೂ ಆ್ಯಪ್ ಕಿಲೋಪಾಸ್ಕಲಿನಲ್ಲೇ ತೋರಿಸುತ್ತದೆ. ನೂರರಿಂದ ಭಾಗಿಸಿದರೆ ಬಾರ್. ಎಂಜಿನ್ ಸುಮ್ಮನೆ ಓಡುವಾಗ 30,000 ಎಂದರೆ 300 ಬಾರ್. ಪೂರ್ತಿ ಒತ್ತಿದಾಗ ಈ ಕಾಲದ ಎಂಜಿನ್ನುಗಳಲ್ಲಿ ಸಾವಿರ ಬಾರ್ ದಾಟಿ ಹೋಗಬೇಕು.

ಮುಳ್ಳೇರಿಯದ ಗ್ಯಾರೇಜು:
ಆಕ್ಚುಯೇಟರಿನ ಮಾತು ಒಪ್ಪಿದೆ, ಬಾಯಾರಿನ ತಮ್ಮ ಚೆನ್ನಾಗಿ ಬಿಡಿಸಿದ್ದಾನೆ. ಒಂದು ಎಚ್ಚರಿಕೆ ಮಾತ್ರ ಸೇರಿಸುತ್ತೇನೆ. ಯಾರೂ ಎಂಜಿನ್ ಓಡುತ್ತಿರುವಾಗ ಇಂಜೆಕ್ಟರಿಗೆ ಹೋಗುವ ಉಕ್ಕಿನ ಕೊಳವೆಯ ನಟ್ ಸಡಿಲಿಸಿ ನೋಡಬೇಡಿ. ಹಳೆಯ ಜೀಪುಗಳಲ್ಲಿ ಹಾಗೆ ಮಾಡಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ಕಂಡುಹಿಡಿಯುತ್ತಿದ್ದರು. ಇದರಲ್ಲಿ ಆ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ನುಗ್ಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಆದರೆ ತಕ್ಷಣ ಆಸ್ಪತ್ರೆಗೆ ಹೋಗದಿದ್ದರೆ ಬೆರಳೇ ಹೋಗಬಹುದು.

ಪೆರ್ಲದ ತೋಟದವ:
ಸ್ಕ್ಯಾನರ್ ತರಿಸಿದೆ. ಮಗಳು ಪಕ್ಕದಲ್ಲಿ ಕುಳಿತು ಬರೆದುಕೊಂಡಳು.

ಕೋಡ್: ಪಿ 0087. ಬೇರೆ ಯಾವುದೂ ಇಲ್ಲ.

ಇನ್‌ಟೇಕ್ ಒತ್ತಡ ಕೀ ಹಾಕಿದಾಗ 100, ಏರಿನ ಬುಡದಲ್ಲಿ ಪೂರ್ತಿ ಒತ್ತಿದಾಗ 195ರ ತನಕ ಏರಿತು. ರೈಲ್ ಒತ್ತಡ ಸುಮ್ಮನೆ ಓಡುವಾಗ 29,000ದಿಂದ 31,000ದ ನಡುವೆ ಆಡುತ್ತಿತ್ತು. ಏರಿನಲ್ಲಿ ಒತ್ತಿದ ಕೂಡಲೇ 1,10,000ಕ್ಕೆ ಹೋಯಿತು, ಅಲ್ಲಿಂದ ನಿಧಾನವಾಗಿ ಜಾರಿ 70,000ದ ಕೆಳಗೆ ಬಂತು. ಆಗಲೇ ದೀಪ ಹೊತ್ತಿತು. ಟರ್ಬೊದ ಅಂಕಿಯೂ ಆಮೇಲೆಯೇ ಬಿತ್ತು.

ಬಾಯಾರಿನಿಂದ ಬೆಂಗಳೂರಿಗೆ:
ಇದಕ್ಕಿಂತ ಸ್ಪಷ್ಟ ಬೇಡ. ಪಿ 0087 ಎಂದರೆ ರೈಲಿನಲ್ಲಿ ಇಂಧನದ ಒತ್ತಡ ಬೇಕಾದಷ್ಟು ಇಲ್ಲ ಎಂದು. ಮೊದಲು ಬಿದ್ದದ್ದು ರೈಲ್ ಒತ್ತಡ, ಟರ್ಬೊ ಹಿಂದಿನಿಂದ ಬಿತ್ತು. ಉರಿ ಕಡಿಮೆಯಾದ ಮೇಲೆ ಟರ್ಬೊ ತಿರುಗಿಸುವ ಹೊಗೆಯೂ ಕಡಿಮೆಯಾಗುತ್ತದೆ, ಅದರದೇನೂ ತಪ್ಪಿಲ್ಲ. ಟರ್ಬೊ ಬದಲಿಸಿದ್ದರೆ ಹೊಸ ಟರ್ಬೊ ಇಟ್ಟುಕೊಂಡು ಅದೇ ಏರಿನಲ್ಲಿ ನಿಲ್ಲುತ್ತಿದ್ದಿರಿ.

ಉಪ್ಪಳದ ಚಾಲಕ:
ಹಾಗಾದರೆ ಇಂಜೆಕ್ಟರ್ ಎಂದ ಗ್ಯಾರೇಜಿನವರು ಗೆದ್ದರೇ? ಅಥವಾ ಡೀಸೆಲ್ ಪಂಪೇ ಹೋಗಿದೆಯೇ? ಪಂಪ್ ಎಂದರೆ ಟರ್ಬೊಗಿಂತ ದೊಡ್ಡ ಖರ್ಚು.

ಮುಳ್ಳೇರಿಯದ ಗ್ಯಾರೇಜು:
ಅಲ್ಲಿಗೆ ಹಾರಬೇಡಿ. ರೈಲಿಗೆ ಒತ್ತಡ ಬರದಿರಲು ಮೂರು ದಾರಿ ಇವೆ. ಪಂಪಿಗೆ ಡೀಸೆಲ್ಲೇ ಸಾಕಷ್ಟು ಬರುತ್ತಿಲ್ಲ. ಬಂದದ್ದನ್ನು ಪಂಪ್ ಒತ್ತಲಾರದು. ಒತ್ತಿದ್ದನ್ನು ಇಂಜೆಕ್ಟರುಗಳು ಹಿಂದಕ್ಕೆ ಸೋರಿಸುತ್ತಿವೆ. ಮೊದಲನೆಯದಕ್ಕೆ ಖರ್ಚು ಕಡಿಮೆ, ಮತ್ತು ನಮ್ಮ ಊರಿನಲ್ಲಿ ಹೆಚ್ಚು ಕಾಣುವುದೂ ಅದೇ. ಗಮನಿಸಿ, ಒತ್ತಡ ಮೊದಲು 1100 ಬಾರ್ ತನಕ ಹೋಗಿದೆ. ಪಂಪ್ ಸತ್ತಿದ್ದರೆ ಅಷ್ಟು ಏರುತ್ತಿರಲಿಲ್ಲ. ಏರಿದ್ದು ನಿಧಾನವಾಗಿ ಜಾರಿದೆ ಎಂದರೆ ಹಿಂದಿನಿಂದ ಪೂರೈಕೆ ಬತ್ತುತ್ತಿದೆ ಎಂದು ನನಗೆ ಕಾಣುತ್ತದೆ.

ತೋಟದವರೇ, ಈಗ ಎರಡು ಪ್ರಶ್ನೆ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡುವಾಗ ಹೆಚ್ಚು ಹೊತ್ತು ಸೆಲ್ಫ್ ಹೊಡೆಯಬೇಕಾಗುತ್ತದೆಯೇ? ಈ ಏರಿನ ತೊಂದರೆ ಟ್ಯಾಂಕ್ ತುಂಬಿದಾಗಲೂ ಇದೆಯೇ, ಖಾಲಿ ಹತ್ತಿರ ಬಂದಾಗ ಮಾತ್ರವೇ?

ಪೆರ್ಲದ ತೋಟದವ:
ಬೆಳಿಗ್ಗೆ ತಡವಾಗುವುದು ನಿಜ. ಬ್ಯಾಟರಿ ಹಳೆಯದಾಗಿದೆ ಎಂದು ನಾವು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಟ್ಯಾಂಕಿನ ವಿಷಯ ನೀವು ಕೇಳಿದ ಮೇಲೆ ಹೊಳೆಯಿತು. ನಮ್ಮ ಗಡಿಯವರ ಅಭ್ಯಾಸ ನಿಮಗೆ ಗೊತ್ತಲ್ಲ. ಕರ್ನಾಟಕದಲ್ಲಿ ಡೀಸೆಲ್ ಬೆಲೆ ಕಡಿಮೆ, ಆದ್ದರಿಂದ ಕೇರಳದ ಕಡೆ ತುಂಬಿಸದೆ ಮುಳ್ಳು ಕೆಂಪಿಗೆ ಇಳಿಯುವ ತನಕ ಓಡಿಸಿ, ಪುತ್ತೂರಿಗೆ ಹೋದಾಗ ತುಂಬಿಸಿಕೊಂಡು ಬರುತ್ತೇವೆ. ಹೋಗುವಾಗ ಯಾವಾಗಲೂ ಟ್ಯಾಂಕ್ ಬಹುತೇಕ ಖಾಲಿ. ಬರುವಾಗ ಇಂಥ ತೊಂದರೆ ಆದದ್ದು ನೆನಪಿಲ್ಲ. ಬರುವಾಗ ಅಡಿಕೆ ಮೂಟೆ ಇರುವುದಿಲ್ಲ, ಅದಕ್ಕೇ ಎಳೆಯುತ್ತದೆ ಎಂದುಕೊಂಡಿದ್ದೆವು.

ನೀರ್ಚಾಲಿನ ನಿವೃತ್ತ ಮೇಷ್ಟ್ರು:
ನಾಲ್ಕು ರೂಪಾಯಿ ಉಳಿಸಲು ಹೋಗಿ ಟರ್ಬೊ ತನಕ ಬಂದಿತ್ತು!

ಮುಳ್ಳೇರಿಯದ ಗ್ಯಾರೇಜು:
ಮೇಷ್ಟ್ರೇ, ಗಡಿ ದಾಟಿ ತುಂಬಿಸುವುದು ತಪ್ಪಲ್ಲ, ನಾನೂ ಜಾಲ್ಸೂರಿನ ಕಡೆ ಹೋದಾಗ ತುಂಬಿಸುತ್ತೇನೆ. ಅದು ತೊಂದರೆಗೆ ಮೂಲವೂ ಅಲ್ಲ. ಇದ್ದ ತೊಂದರೆಯನ್ನು ಎತ್ತಿ ತೋರಿಸಿದೆ ಅಷ್ಟೆ.

ನಿಮ್ಮ ಗಾಡಿಯ ಫಿಲ್ಟರಿನ ಮೇಲೆ ಕೈಯಿಂದ ಒತ್ತುವ ಸಣ್ಣ ಪಂಪ್ ಇರಬೇಕು. ಅದು ಇದ್ದರೆ ಸಾಮಾನ್ಯವಾಗಿ ಟ್ಯಾಂಕಿನೊಳಗೆ ಕರೆಂಟಿನ ಪಂಪ್ ಇರುವುದಿಲ್ಲ, ಎಂಜಿನ್ನಿನ ಪಂಪೇ ಟ್ಯಾಂಕಿನಿಂದ ಹೀರಿಕೊಳ್ಳಬೇಕು. ಹೀರುವ ಕೊಳವೆಯಲ್ಲಿ ಸಣ್ಣ ಬಿರುಕಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಗ್ಯಾರೇಜಿನ ನೆಲದಲ್ಲಿ ಕಲೆ ಬೀಳುವುದಿಲ್ಲ, ಯಾರಿಗೂ ಸಂಶಯವೂ ಬರುವುದಿಲ್ಲ. ರಾತ್ರಿ ನಿಂತಾಗ ಆ ಬಿರುಕಿನಿಂದ ಗಾಳಿ ಸೇರಿ ಕೊಳವೆಯಲ್ಲಿದ್ದ ಡೀಸೆಲ್ ಟ್ಯಾಂಕಿಗೆ ಇಳಿದುಹೋಗುತ್ತದೆ. ಬೆಳಿಗ್ಗೆ ತಡವಾಗಿ ಸ್ಟಾರ್ಟ್ ಆಗುವುದು ಅದಕ್ಕೆ. ಟ್ಯಾಂಕಿನ ಮಟ್ಟ ಇಳಿದಷ್ಟೂ ಹೆಚ್ಚು ಎತ್ತರಕ್ಕೆ ಹೀರಬೇಕು, ಏರಿನಲ್ಲಿ ಹೆಚ್ಚು ಡೀಸೆಲ್ ಬೇಕು, ಎರಡೂ ಸೇರಿದಾಗ ಡೀಸೆಲ್ಲಿನ ಬದಲು ಗುಳ್ಳೆ ಬರುತ್ತದೆ.

ಇನ್ನೊಂದು ಸಾಧ್ಯತೆ ಟ್ಯಾಂಕಿನೊಳಗಿನ ಜಾಲರಿ ಕಟ್ಟಿರುವುದು. ಖಾಲಿ ಟ್ಯಾಂಕಿನಲ್ಲಿ ಓಡಿಸಿ ಓಡಿಸಿ ತಳದ ಕೆಸರು ಅಲ್ಲಿ ಕೂರುತ್ತದೆ. ನಮ್ಮ ತೇವದ ಹವೆಯಲ್ಲಿ ಖಾಲಿ ಟ್ಯಾಂಕಿನ ಗೋಡೆಗೆ ನೀರು ಹನಿಗಟ್ಟುವುದೂ ಉಂಟು. ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ಒಂದು ಗಾಜಿನ ಲೋಟಕ್ಕೆ ಬಿಟ್ಟು ನೋಡಿ. ನೀರಿದ್ದರೆ ಕೆಳಗೆ ಬೇರೆಯಾಗಿ ನಿಲ್ಲುತ್ತದೆ.

ಎರಡನ್ನೂ ಬೇರ್ಪಡಿಸುವ ಬಗೆ ಇದು. ಫಿಲ್ಟರಿಗೆ ಡೀಸೆಲ್ ಬರುವ ಕಡೆ ಪಾರದರ್ಶಕ ಡೀಸೆಲ್ ನಳಿಕೆಯ ತುಂಡೊಂದನ್ನು ನಡುವೆ ಜೋಡಿಸಿ, ಅಲ್ಲೇ ಹೀರುವ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜನ್ನೂ ಹಾಕಿಸಿ. ಜಾಲರಿ ಕಟ್ಟಿದ್ದರೆ ಎಳೆತ ಹೆಚ್ಚು ತೋರಿಸುತ್ತದೆ, ನಳಿಕೆಯಲ್ಲಿ ಗುಳ್ಳೆ ಹೆಚ್ಚು ಕಾಣುವುದಿಲ್ಲ. ಬಿರುಕಿದ್ದರೆ ಎಳೆತ ಏರುವುದೇ ಇಲ್ಲ, ಗುಳ್ಳೆಗಳು ಸಾಲುಸಾಲಾಗಿ ಓಡುತ್ತವೆ.

ಕುಂಬಳೆ ಪೇಟೆ:
ಇಂಜೆಕ್ಟರ್ ಸೋರಿಕೆ ನೋಡುವುದು ಹೇಗೆ? ನನ್ನ ಗಾಡಿಯಲ್ಲೂ ಬೆಳಿಗ್ಗೆ ತಡವಾಗುತ್ತದೆ.

ಬಾಯಾರಿನಿಂದ ಬೆಂಗಳೂರಿಗೆ:
ಮಾರುವುದಿಲ್ಲವೇ ನೀವು?

ಇಂಜೆಕ್ಟರಿನಿಂದ ಹಿಂದಿರುಗುವ ಡೀಸೆಲ್ಲಿಗೆ ಒತ್ತಡವಿಲ್ಲದ ಸಣ್ಣ ರಬ್ಬರ್ ಕೊಳವೆಗಳಿರುತ್ತವೆ. ಅವನ್ನು ಕಳಚಿ ನಾಲ್ಕು ಒಂದೇ ಅಳತೆಯ ಬಾಟಲಿಗಳಿಗೆ ಬಿಟ್ಟು, ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸುತ್ತಾರೆ. ಮೂರರಲ್ಲಿ ಒಂದೇ ಮಟ್ಟ, ನಾಲ್ಕನೆಯದರಲ್ಲಿ ಅದರ ಎರಡರಷ್ಟು ತುಂಬಿದರೆ ಆ ಇಂಜೆಕ್ಟರನ್ನು ಮಾತ್ರ ಬಿಚ್ಚಿದರೆ ಸಾಕು. ನಾಲ್ಕನ್ನೂ ಕಳುಹಿಸುವ ಅಗತ್ಯವಿಲ್ಲ. ಗ್ಯಾರೇಜಿನಲ್ಲೇ ಮಾಡಿಸಿ.

ಅನಂತಪುರದ ಕಡೆಯವಳು:
ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನದು 2008ರ ಸಣ್ಣ ಪೆಟ್ರೋಲ್ ಕಾರು, ದಿನಾ ಕಾಸರಗೋಡಿಗೆ ಕೆಲಸಕ್ಕೆ ಓಡಿಸುತ್ತೇನೆ. ಹೊರಟಾಗ ಚೆನ್ನಾಗಿರುತ್ತದೆ, ಎಂಜಿನ್ ಬಿಸಿಯಾದಂತೆ ಉಸಿರು ಕಟ್ಟಿದ ಹಾಗೆ ಆಗುತ್ತದೆ, ಎಷ್ಟು ಒತ್ತಿದರೂ ವೇಗ ಏರುವುದಿಲ್ಲ. ಕೆಲವೊಮ್ಮೆ ಕೊಳೆತ ಮೊಟ್ಟೆಯ ವಾಸನೆ. ಎಲ್ಲರೂ ಎಥೆನಾಲ್ ಬೆರೆಸಿದ ಪೆಟ್ರೋಲಿನಿಂದ ಎನ್ನುತ್ತಾರೆ. ಹೌದೇ?

ಪೆರ್ಲದ ತೋಟದವ:
ಅಕ್ಕ, ನಿಮ್ಮ ಪ್ರಶ್ನೆಗೆ ಅಣ್ಣಂದಿರು ಉತ್ತರಿಸುತ್ತಾರೆ. ನನ್ನ ಫಲಿತಾಂಶ ಹಾಕಿಬಿಡುತ್ತೇನೆ.

ಮುಳ್ಳೇರಿಯದ ಅಣ್ಣನ ಗ್ಯಾರೇಜಿಗೇ ಕೊಂಡುಹೋದೆ. ಲೋಟದಲ್ಲಿ ನೀರು ಕಾಣಲಿಲ್ಲ. ಪಾರದರ್ಶಕ ನಳಿಕೆ ಹಾಕಿ ಎಂಜಿನ್ ಸುತ್ತು ಏರಿಸಿದಾಗ ಗುಳ್ಳೆಗಳ ಮೆರವಣಿಗೆ. ಗೇಜಿನ ಮುಳ್ಳು ಕದಲಲೇ ಇಲ್ಲ. ಹೊಸ ಫಿಲ್ಟರಿನ ಜೋಡಣೆಯಲ್ಲಿ ತೊಂದರೆ ಇರಬಹುದೆಂದು ಮೊದಲು ಅದನ್ನೇ ನೋಡಿದರು, ಅಲ್ಲಿ ಸರಿಯಿತ್ತು. ಕೊನೆಗೆ ಸಿಕ್ಕಿದ್ದು ಟ್ಯಾಂಕಿನ ಮೇಲ್ಭಾಗದಲ್ಲಿ ಕಬ್ಬಿಣದ ಕೊಳವೆಯನ್ನು ಟ್ಯಾಂಕಿಗೆ ಜೋಡಿಸುವ ಗೇಣುದ್ದದ ರಬ್ಬರ್ ನಳಿಕೆ. ಮೇಲೆಲ್ಲ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ತೊಳೆದು ಬಗ್ಗಿಸಿ ನೋಡಿದರೆ ಕ್ಲಿಪ್ಪಿನ ಪಕ್ಕದಲ್ಲೇ ಇಲಿ ಹಲ್ಲಿನ ಗುರುತು, ಅದರಿಂದ ಶುರುವಾಗಿ ಒಂದು ಸೀಳು.

ಹೊಸ ನಳಿಕೆ, ಎರಡು ಕ್ಲಿಪ್. ಟ್ಯಾಂಕ್ ಇಳಿಸಿದ್ದಕ್ಕೆ ಕೂಲಿಯೇ ಹೆಚ್ಚಾಯಿತು. ಇಳಿಸಿದ ಮೇಲೆ ಜಾಲರಿಯನ್ನೂ ತೊಳೆಸಿದೆ. ಅದೇ ಏರಿನಲ್ಲಿ, ಅಷ್ಟೇ ಭಾರದಲ್ಲಿ, ಖಾಲಿ ಟ್ಯಾಂಕಿನಲ್ಲೇ ಮಗಳು ಮತ್ತೆ ಅಂಕಿ ಬರೆದಳು. ರೈಲ್ ಒತ್ತಡ 1,30,000 ದಾಟಿ ಮೇಲೆ ತಲುಪುವ ತನಕ ಅಲ್ಲೇ ನಿಂತಿತ್ತು. ಮೂರನೆಯ ಗೇರಿನಲ್ಲೇ ಹತ್ತಿದೆವು.

ಉಪ್ಪಳದ ಚಾಲಕ:
ಒಳ್ಳೆಯದಾಯಿತು. ಇಲಿಗೆ ಏನು ಮಾಡುತ್ತೀರಿ? ನಳಿಕೆ ಹೊಸದಾದರೆ ಅದಕ್ಕೂ ಹೊಸ ಊಟ.

ಪೆರ್ಲದ ತೋಟದವ:
ಗಾಡಿಯನ್ನು ಅಡಿಕೆ ಕೊಟ್ಟಿಗೆಯ ಮಾಡಿನ ಕೆಳಗಿನಿಂದ ಅಂಗಳಕ್ಕೆ ತಂದಿದ್ದೇವೆ. ನಳಿಕೆಯ ಮೇಲೆ ಕಬ್ಬಿಣದ ಸುರುಳಿ ಹಾಕಿಸಿದೆ.

ಮುಳ್ಳೇರಿಯದ ಗ್ಯಾರೇಜು:
ಸುರುಳಿಯ ತುದಿ ರಬ್ಬರಿಗೆ ಉಜ್ಜದಂತೆ ಕಟ್ಟಿದ್ದೇನೆ, ಆದರೂ ಮುಂದಿನ ಸರ್ವಿಸಿನಲ್ಲಿ ಒಮ್ಮೆ ನೋಡಿಸಿ.

ಅನಂತಪುರದ ತಂಗಿಗೆ: ಎಥೆನಾಲಿನ ಶಕ್ತಿ ಪೆಟ್ರೋಲಿನದಕ್ಕಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ನೂರರಲ್ಲಿ ಇಪ್ಪತ್ತು ಪಾಲು ಬೆರೆಸಿದರೆ ಒಟ್ಟು ಶಕ್ತಿ ಶೇಕಡಾ ಆರೇಳರಷ್ಟು ಇಳಿಯುತ್ತದೆ. ಮೈಲೇಜಿನಲ್ಲಿ ಅದು ಗೊತ್ತಾಗುತ್ತದೆ, ಹಳೆಯ ಕಾರಿನ ರಬ್ಬರ್ ಭಾಗಗಳಿಗೂ ಒಳ್ಳೆಯದಲ್ಲ. ಆದರೆ ಹೊರಟಾಗ ಸರಿಯಿದ್ದು ಬಿಸಿಯಾದ ಮೇಲೆ ಉಸಿರು ಕಟ್ಟುವುದು ಅದರ ಲಕ್ಷಣವಲ್ಲ. ನೀವು ಹೇಳಿದ ವಾಸನೆ ಸೇರಿಸಿದರೆ ಸೈಲೆನ್ಸರಿನ ಮೊದಲು ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಕರಗಿ ಕಟ್ಟಿಕೊಂಡಿರುವ ಸಂಶಯ. ಹೊಗೆ ಹೊರಗೆ ಹೋಗದಿದ್ದರೆ ಹೊಸ ಗಾಳಿ ಒಳಗೆ ಬರುವುದಾದರೂ ಹೇಗೆ?

ಅದಕ್ಕೆ ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಒತ್ತಡದ ಗೇಜ್ ಹಾಕಿ ನೋಡುತ್ತೇವೆ. ನಿಮಿಷಕ್ಕೆ 2500 ಸುತ್ತಿನಲ್ಲಿ 3 ಪಿಎಸ್‌ಐ ಮೀರಿದರೆ ಕಟ್ಟಿದೆ ಎಂದು ಅರ್ಥ. ಆದರೆ ಕನ್ವರ್ಟರ್ ತಾನಾಗಿ ಕರಗುವುದು ಕಡಿಮೆ. ಸ್ಪಾರ್ಕ್ ಪ್ಲಗ್ ಅಥವಾ ಕಾಯಿಲ್ ಕೆಟ್ಟು ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೆ, ಉಳಿದ ಪೆಟ್ರೋಲ್ ಕನ್ವರ್ಟರಿನೊಳಗೆ ಹೋಗಿ ಉರಿಯುತ್ತದೆ. ಅದನ್ನು ಮೊದಲು ಸರಿಪಡಿಸದೆ ಹೊಸ ಕನ್ವರ್ಟರ್ ಹಾಕಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಎಂಜಿನ್ ನಿಂತಲ್ಲೇ ನಡುಗುತ್ತದೆಯೇ, ಎಂಜಿನ್ ದೀಪ ಮಿನುಗುತ್ತದೆಯೇ ಎಂದು ಗಮನಿಸಿ ಬರೆಯಿರಿ. ದೀಪ ಮಿನುಗುತ್ತಿದ್ದರೆ ಆ ಕಾರಿನಲ್ಲಿ ದೂರ ಹೋಗಬೇಡಿ. ಒಣ ಹುಲ್ಲಿನ ಮೇಲೆಯಂತೂ ನಿಲ್ಲಿಸಲೇಬೇಡಿ, ಕೆಳಗಿನ ಕನ್ವರ್ಟರ್ ಕೆಂಪಗೆ ಕಾದಿರುತ್ತದೆ.

ಅನಂತಪುರದ ಕಡೆಯವಳು:
ಸಿಗ್ನಲಿನಲ್ಲಿ ನಿಂತಾಗ ನಡುಗುತ್ತದೆ ಅಣ್ಣ. ದೀಪ ಇನ್ನೂ ಮಿನುಗಿಲ್ಲ. ಪ್ಲಗ್ ಬದಲಿಸಿದ್ದು ಯಾವಾಗ ಎಂದು ಬಿಲ್ಲುಗಳನ್ನು ಹುಡುಕಿ ಹೇಳುತ್ತೇನೆ.

ಮುಳ್ಳೇರಿಯದ ಗ್ಯಾರೇಜು:
ಬಿಲ್ಲು ಹುಡುಕುವಷ್ಟು ಹಳೆಯದಾಗಿದ್ದರೆ ಹುಡುಕಬೇಡಿ, ನಾಲ್ಕು ಪ್ಲಗ್ ಹೊಸದು ಹಾಕಿಸಿ. ಹಳೆಯವನ್ನು ಯಾವ ಸಿಲಿಂಡರಿನದು ಎಂದು ಗುರುತು ಮಾಡಿ ಇಟ್ಟುಕೊಂಡು ಅವುಗಳ ಚಿತ್ರವನ್ನು ಇಲ್ಲಿ ಹಾಕಿ.